ನಮ್ಮ ಫೋಟೋ ಮಾರಿ ಸತ್ಕಾರ್ಯಕ್ಕೆ ಹಣ: ಹೊರಡುವ ಮುನ್ನ

ಊರ ಹಬ್ಬ, ಪ್ರವಾಸ, ಮಳೆಗಾಲ ಎಂದು ತೆಗೆದ ಫೋಟೋಗಳು ನಮ್ಮೆಲ್ಲರ ಮೊಬೈಲುಗಳಲ್ಲಿ ಸಾವಿರಗಟ್ಟಲೆ ಬಿದ್ದಿವೆ. ಅವುಗಳಲ್ಲಿ ಹತ್ತನ್ನು ಆರಿಸಿ, ದೊಡ್ಡದಾಗಿ ಮುದ್ರಿಸಿ, ಫ್ರೇಮ್ ಹಾಕಿಸಿ ಮಾರಿದರೆ ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಬಹುದಲ್ಲವೇ ಎಂದು ಕೇಳುವ ಯುವಜನರಿದ್ದಾರೆ. ಖಂಡಿತ ಕೂಡಿಸಬಹುದು. ಲಕ್ಕಿ ಡ್ರಾ, ಹೌಸಿ ಹೌಸಿಗಿಂತ ಇದೇ ವಾಸಿ. ಕೊಂಡವರ ಗೋಡೆಯ ಮೇಲೆ ಏನಾದರೂ ಉಳಿಯುತ್ತದೆ.

ಜಗತ್ತಿನಲ್ಲಿ ಇದಕ್ಕೆ ಉದಾಹರಣೆಗಳಿವೆ. 2020ರ ಕೊರೋನಾ ಕಾಲದಲ್ಲಿ ಪ್ರವಾಸಿಗರಿಲ್ಲದೆ ಆಫ್ರಿಕಾದ ಅಭಯಾರಣ್ಯಗಳ ಆದಾಯ ನಿಂತಾಗ ‘ಪ್ರಿಂಟ್ಸ್ ಫಾರ್ ವೈಲ್ಡ್‌ಲೈಫ್’ ಎಂಬ ಹೆಸರಿನಲ್ಲಿ ಛಾಯಾಗ್ರಾಹಕರು ತಮ್ಮ ಚಿತ್ರಗಳನ್ನು ತಲಾ 100 ಡಾಲರಿಗೆ ಮಾರಿ 6 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಬ್ರೆಜಿಲ್‌ನ ಹೆಸರಾಂತ ಛಾಯಾಗ್ರಾಹಕ ಸೆಬಾಸ್ಟಿಯಾವೊ ಸಲ್ಗಾಡೊ ಮತ್ತು ಪತ್ನಿ ಲೇಲಿಯಾ 1998ರಲ್ಲಿ ತಮ್ಮ ಕುಟುಂಬದ ಬರಡಾದ ಜಮೀನಿನಲ್ಲಿ ಕಾಡು ಬೆಳೆಸುವ ಸಂಸ್ಥೆ ಕಟ್ಟಿದರು. 2022ರಲ್ಲಿ ಸಲ್ಗಾಡೊ ಅವರ 50 ಚಿತ್ರಗಳ ಮಾರಾಟ ನಡೆದದ್ದು ಅದೇ ಕಾಡಿಗಾಗಿ. ಅವರು 2025ರಲ್ಲಿ ತೀರಿಕೊಂಡರು.

ಇದನ್ನು ನಮ್ಮ ನೆಲಕ್ಕೆ ತಂದು ನೋಡೋಣ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನಲ್ಲಿ ಮಾಡದಕೆರೆ ಇದೆ. ಹೆಸರಿನಲ್ಲೇ ಕೆರೆ, ಆದರೆ ತಾಲ್ಲೂಕು ಮಾತ್ರ ಬರಕ್ಕೆ ಹೆಸರಾದದ್ದು. ಮಳೆ ಸಾಕಪ್ಪಾ ಎನ್ನುವ ಕರಾವಳಿಯ ನಮಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ಆ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಕಲೆಗಟ್ಟುತ್ತದೆ. ಅದೇ ನೀರು ಮುಂದುವರಿದರೆ ಮೂಳೆಗೂ ತೊಂದರೆ. ಇಂಥ ಕಡೆಯ ಶಾಲೆಯೊಂದಕ್ಕೆ ಶುದ್ಧ ನೀರಿನ ಘಟಕ ಕೊಡಿಸಲು ಒಂದು ಯುವ ಸಂಘಟನೆ ಹೊರಟಿದೆ ಎಂದಿಟ್ಟುಕೊಳ್ಳಿ. ಅವರು ಯಾವ ಫೋಟೋ ಮಾರಬೇಕು?

ಕೈ ಮೊದಲು ಹೋಗುವುದು ಕಲೆಗಟ್ಟಿದ ಹಲ್ಲಿನ ಮಗುವಿನ ಕಡೆಗೆ. ಕರುಳು ಚುರ್ ಎನ್ನುತ್ತದೆ, ಹಣವೂ ಬೇಗ ಬರುತ್ತದೆ. ಆದರೆ ನಾಳೆ ಆ ಹುಡುಗಿ ದೊಡ್ಡವಳಾಗಿ, ತನ್ನ ಹಲ್ಲು ಅಪರಿಚಿತರ ಮನೆಯ ಹಜಾರದಲ್ಲಿ ನೇತಾಡುತ್ತಿದೆ ಎಂದು ತಿಳಿದರೆ? 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಹಸಿರು ಕಣ್ಣಿನ ಆಫ್ಘನ್ ಬಾಲಕಿಯ ಚಿತ್ರ ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟವಾಗಿ ಲೋಕವನ್ನೆಲ್ಲ ಸುತ್ತಿತು. ಆ ಹುಡುಗಿ ಶರ್ಬತ್ ಗುಲಾ ತನ್ನ ಚಿತ್ರವನ್ನು ಮೊದಲು ಕಂಡದ್ದು 2002ರಲ್ಲಿ. ಆಫ್ಘನ್ ಹೆಣ್ಣುಮಕ್ಕಳಿಗಾಗಿ ಪತ್ರಿಕೆಯವರು ನಿಧಿ ತೆರೆದದ್ದೂ ಆಮೇಲೆಯೇ. ಆದ್ದರಿಂದ ಯಾರ ಮುಖವಾದರೂ ಸರಿ, ಒಪ್ಪಿಗೆ ಕೇಳಿ. ಮಕ್ಕಳದಾದರೆ ತಂದೆತಾಯಿಯನ್ನು ಕೇಳಿ, ಚಿತ್ರ ಮಾರಾಟಕ್ಕೆ ಎಂಬುದನ್ನೂ ಹೇಳಿ. ರೋಗ, ಹಸಿವಿನ ಚಿತ್ರ ಮಾರಾಟಕ್ಕೆ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಸೀಮೆಯಲ್ಲಿ ತೆಂಗಿನ ತೋಟವಿದೆ, ಗುಡ್ಡದ ಗಾಳಿಯಂತ್ರಗಳಿವೆ, ಕೋಟೆಯಿದೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರದ ಒಳ್ಳೆಯ ಫೋಟೋ ಯಾರ ಬಳಿಯಾದರೂ ಇದ್ದರೆ ಅದನ್ನು ಆ ಸೀಮೆಯವರೇ ಕೊಂಡಾರು.

ಫೋಟೋ ನಿಮ್ಮದೇ ಆಗಿರಬೇಕು. ವಾಟ್ಸಾಪ್‌ನಲ್ಲಿ ಬಂದದ್ದು ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕು ಸಾಮಾನ್ಯವಾಗಿ ತೆಗೆದವರದು. ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರದು. 2012ರ ತಿದ್ದುಪಡಿಯ ನಂತರ ಈ ಹಕ್ಕು ತೆಗೆದವರ ಜೀವಿತಕಾಲ ಹಾಗೂ ನಂತರದ 60 ವರ್ಷ ಇರುತ್ತದೆ. ಇನ್ನು ಮುದ್ರಣ: 8x12 ಇಂಚಿಗೆ ಇಂಚೊಂದಕ್ಕೆ 300 ಚುಕ್ಕೆಯಂತೆ 2400x3600 ಪಿಕ್ಸೆಲ್ ಬೇಕು. ಈಗಿನ ಮೊಬೈಲ್‌ಗೆ ಅದು ಕಷ್ಟವಲ್ಲ, ಆದರೆ ವಾಟ್ಸಾಪ್ ಮೂಲಕ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ. ಮೂಲ ಫೈಲನ್ನೇ ಸ್ಟುಡಿಯೋಗೆ ಕೊಡಿ.

ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಮುದ್ರಣಕ್ಕೂ ಫ್ರೇಮಿಗೂ 400 ರೂಪಾಯಿ ಬಿದ್ದು 1000ಕ್ಕೆ ಮಾರಿದರೆ ಘಟಕಕ್ಕೆ ಸಿಗುವುದು 600; 50 ಮಾರಿದರೆ 30,000. ಈ ಲೆಕ್ಕವನ್ನು ಮಾರಾಟದ ಮೇಜಿನ ಮೇಲೆಯೇ ಬರೆದಿಡಿ. ಕೊಂಡವರು ತೆತ್ತದ್ದು ವಸ್ತುವಿನ ಬೆಲೆ, ಆದ್ದರಿಂದ 80ಜಿ ರಿಯಾಯಿತಿಯ ಆಸೆ ತೋರಿಸಬೇಡಿ. ಗಲ್ಫ್‌ನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ನಮ್ಮವರು ಬ್ಯಾಂಕ್ ಮೂಲಕ ಕಳುಹಿಸುವ ಸ್ವಂತ ಸಂಪಾದನೆಗೆ ವಿದೇಶಿ ದೇಣಿಗೆ ಕಾಯ್ದೆ ಅಡ್ಡಬರುವುದಿಲ್ಲ. ಕೆನಡಾದ ಪೌರತ್ವ ಪಡೆದ ಚಿಕ್ಕಪ್ಪ ‘ಫೋಟೋ ಬೇಡ, ಹಣ ಇಟ್ಟುಕೊಳ್ಳಿ’ ಎಂದರೆ ಮಾತ್ರ ಅದು ವಿದೇಶಿ ದೇಣಿಗೆ; ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ.

ಘಟಕ ಕೂಡಿಸಿದ ದಿನ ಅದರ ಬಿಲ್ಲಿನ ಪ್ರತಿಯನ್ನು ಕೊಂಡವರಿಗೆಲ್ಲ ಕಳುಹಿಸಿ. ಫೋಟೋದಲ್ಲಿ ಊರವರು ಯಾರಾದರೂ ಇದ್ದರೆ, ಮುದ್ರಿಸಿದ ಮೊದಲ ಪ್ರತಿಯನ್ನು ಮಾರಾಟಕ್ಕೆ ಮುಂಚೆಯೇ ಅವರ ಮನೆಗೆ ಮುಟ್ಟಿಸಿ.