ಹ್ಯಾಮ್ ರೇಡಿಯೊ: ಪರವಾನಗಿಗೆ ಕಾಯುವವರು, ಕಾಯದವರು

2004ರ ಡಿಸೆಂಬರ್ 26ರ ಮುಂಜಾನೆ ಸುಮಾತ್ರಾದ ಬಳಿ ಕಡಲ ತಳ ಕಂಪಿಸಿದಾಗ ಭಾರತಿ ಪ್ರಸಾದ್ ಅವರು ಪೋರ್ಟ್ ಬ್ಲೇರ್‌ನ ಹೋಟೆಲೊಂದರಲ್ಲಿ ತಮ್ಮ ರೇಡಿಯೊ ಉಪಕರಣದೊಂದಿಗೆ ಇದ್ದರು. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡದೊಡನೆ ಅವರು ಅಲ್ಲಿಗೆ ಹೋದದ್ದು ಜಗತ್ತಿನ ಇತರ ಹವ್ಯಾಸಿಗಳೊಂದಿಗೆ ಸಂಪರ್ಕ ಸಾಧಿಸಿ ಲೆಕ್ಕ ಬರೆದುಕೊಳ್ಳುವ ಒಂದು ನಿರುಪದ್ರವಿ ಕಾರ್ಯಕ್ಕೆ. ದ್ವೀಪಗಳ ದೂರವಾಣಿ ಸಂಪರ್ಕ ಕುಸಿದೊಡನೆ ಆ ಹವ್ಯಾಸದ ಕೇಂದ್ರವೇ ತುರ್ತು ಸಂಪರ್ಕ ಕೇಂದ್ರವಾಯಿತು. ಬದುಕಿರುವವರ ಸುದ್ದಿ, ಕಾಣೆಯಾದವರ ವಿಚಾರಣೆ, ಔಷಧದ ಬೇಡಿಕೆ ಎಲ್ಲವೂ ಅದರ ಮೂಲಕವೇ ಮುಖ್ಯ ಭೂಮಿಗೆ ಹರಿದವು. ಮುಂದೆ ಕಾರ್ ನಿಕೋಬಾರ್‌ಗೂ ಒಂದು ಕೇಂದ್ರವನ್ನು ಒಯ್ಯಲಾಯಿತು.

ಈ ಸಾಹಸ ಬಹಳಷ್ಟು ಜನರಿಗೆ ಗೊತ್ತು. ಅದರ ಹಿಂದಿದ್ದ ಕಡತದ ಕಥೆ ಅಷ್ಟಾಗಿ ಗೊತ್ತಿಲ್ಲ. ಅಂಡಮಾನ್ ದ್ವೀಪಗಳಲ್ಲಿ ಹವ್ಯಾಸಿ ರೇಡಿಯೊ ಬಳಸಲು ಸಾಮಾನ್ಯ ಪರವಾನಗಿ ಸಾಲದು, ಕೇಂದ್ರದ ವಿಶೇಷ ಅನುಮತಿ ಬೇಕು. 1987ರ ಬಳಿಕ ಸುಮಾರು 17 ವರ್ಷ ಆ ದ್ವೀಪಗಳಿಂದ ಹವ್ಯಾಸಿಗಳ ದನಿಯೇ ಹೊರಟಿರಲಿಲ್ಲ. ಅನುಮತಿ ದೊರೆತದ್ದು 2004ರಲ್ಲಿ. ಆ ಕಡತ ಇನ್ನೂ ಕೆಲವು ತಿಂಗಳು ಯಾವುದಾದರೂ ಮೇಜಿನ ಮೇಲೆ ಕುಳಿತಿದ್ದರೆ? ಸುನಾಮಿ ಅಂತೂ ಕಾಯುತ್ತಿರಲಿಲ್ಲ.

ಹವ್ಯಾಸಿ ರೇಡಿಯೊ ಪರವಾನಗಿ ಎಂಬುದು ಬಂದೂಕಿನ ಪರವಾನಗಿಯಂತೆ ಒಂದು ವಸ್ತುವನ್ನು ಇಟ್ಟುಕೊಳ್ಳುವ ಹಕ್ಕುಪತ್ರ ಮಾತ್ರವಲ್ಲ. ಅದು ಸರ್ಕಾರ ಮತ್ತು ಪ್ರಜೆಯ ನಡುವಣ ಒಪ್ಪಂದ. ಸರ್ಕಾರ ಕೊಡುವುದು ಅಲ್ಪವೇನಲ್ಲ. 2010ರ 3ಜಿ ಹರಾಜಿನಲ್ಲಿ ಕಂಪೆನಿಗಳು ಸುಮಾರು 67,700 ಕೋಟಿ ರೂಪಾಯಿ ತೆತ್ತು ಪಡೆದದ್ದು ತರಂಗಾಂತರದ ಒಂದು ತುಂಡನ್ನು. ಹವ್ಯಾಸಿಗೆ 7 ಮೆಗಾಹರ್ಟ್ಸ್, 14 ಮೆಗಾಹರ್ಟ್ಸ್, 144ರಿಂದ 146 ಮೆಗಾಹರ್ಟ್ಸ್ ಹೀಗೆ ಹಲವು ಪಟ್ಟಿಗಳು ಹೆಚ್ಚುಕಡಿಮೆ ಉಚಿತವಾಗಿಯೇ ದೊರೆಯುತ್ತವೆ. 1978ರ ಹವ್ಯಾಸಿ ಸೇವಾ ನಿಯಮಗಳಿಗೆ ಬಂದ ತಿದ್ದುಪಡಿಗಳು 20 ವರ್ಷಗಳ ಪರವಾನಗಿಗೆ ಗೊತ್ತುಪಡಿಸಿದ ಶುಲ್ಕ 1000 ರೂಪಾಯಿ. ಅದಕ್ಕಿಂತ ದೊಡ್ಡ ಔದಾರ್ಯ ಇನ್ನೊಂದಿದೆ: ಹವ್ಯಾಸಿಯು ತನ್ನ ಟ್ರಾನ್ಸ್‌ಮಿಟರನ್ನು ತಾನೇ ಕಟ್ಟಿಕೊಳ್ಳಬಹುದು. ಮೊಬೈಲ್ ಕಂಪೆನಿಯ ಗ್ರಾಹಕನಿಗೆ ಇಂಥ ಸ್ವಾತಂತ್ರ್ಯವನ್ನು ಊಹಿಸಲೂ ಆಗದು. ಹೈದರಾಬಾದಿನ ಅಶ್ಹರ್ ಫರ್ಹಾನ್ ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ರೂಪಿಸಿದ 'ಬಿಟೆಕ್ಸ್' ಎಂಬ ವಿನ್ಯಾಸವನ್ನು ಇಂದು ಜಗತ್ತಿನ ನಾನಾ ಕಡೆ ಹವ್ಯಾಸಿಗಳು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟುತ್ತಾರೆ.

ಈ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಪರೀಕ್ಷೆ. 12 ವರ್ಷ ತುಂಬಿದವರು ವಿದ್ಯುತ್ತಿನ ಮೂಲತತ್ವ, ರೇಡಿಯೊ ಸಿದ್ಧಾಂತ ಮತ್ತು ನಿಯಮಗಳಲ್ಲಿ ತೇರ್ಗಡೆಯಾಗಬೇಕು. ಮೋರ್ಸ್ ಸಂಕೇತದ ಕಡ್ಡಾಯವನ್ನು 2003ರ ವಿಶ್ವ ರೇಡಿಯೊ ಸಮ್ಮೇಳನವು ಆಯಾ ದೇಶಗಳ ವಿವೇಚನೆಗೆ ಬಿಟ್ಟಿತು. 2009ರ ತಿದ್ದುಪಡಿಯ ನಂತರ ನಮ್ಮಲ್ಲಿ ಎರಡೇ ದರ್ಜೆಗಳಾದವು. ನಿರ್ಬಂಧಿತ ದರ್ಜೆಗೆ ಮೋರ್ಸ್ ಬೇಡವಾಯಿತು, ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗ ಸಾಕಾಯಿತು.

ಪರೀಕ್ಷೆಗಿಂತ ಮುಖ್ಯವಾದದ್ದು ಆಮೇಲಿನ ನಡವಳಿಕೆ. 1978ರ ನಿಯಮಗಳನ್ನು ಓದಿದರೆ ಅವು ಕಟ್ಟುಪಾಡಿನ ಪಟ್ಟಿಯಂತೆ ಕಾಣುತ್ತವೆ: ಸಂಭಾಷಣೆಯ ಆರಂಭ ಮತ್ತು ಅಂತ್ಯದಲ್ಲಿ ಕರೆಸಂಕೇತ ಹೇಳಬೇಕು, ಮಾತು ಹತ್ತು ನಿಮಿಷ ಮೀರಿದರೆ ನಡುವೆಯೂ ಹೇಳಬೇಕು, ಲಾಗ್ ಪುಸ್ತಕ ಬರೆಯಬೇಕು, ಸಂಗೀತ, ಸುದ್ದಿ, ಜಾಹೀರಾತು, ವ್ಯಾಪಾರದ ಮಾತು, ರಾಜಕೀಯ ಅಥವಾ ಕೈಗಾರಿಕಾ ವಿವಾದ ಯಾವುದೂ ಕೂಡದು, ಹಣ ಪಡೆಯುವಂತಿಲ್ಲ. ಆದರೆ ಇವೆಲ್ಲವುಗಳ ಹಿಂದೆ ಒಂದೇ ತರ್ಕವಿದೆ. ಹವ್ಯಾಸಿಯ ಮಾತು ಬಹಿರಂಗವಾಗಿರಬೇಕು, ಮಾತನಾಡುವವನು ಯಾರೆಂಬುದು ಕೇಳುವ ಎಲ್ಲರಿಗೂ ತಿಳಿಯಬೇಕು. ಅರ್ಥವನ್ನು ಮರೆಮಾಚುವ ಗೂಢಭಾಷೆಯನ್ನು ಅಂತರರಾಷ್ಟ್ರೀಯ ರೇಡಿಯೊ ನಿಯಮಗಳೂ ನಿಷೇಧಿಸಿರುವುದು ಇದಕ್ಕಾಗಿಯೇ. ಮೋರ್ಸ್ ಗೂಢಭಾಷೆಯಲ್ಲವೇ ಎಂದು ಕೇಳುವವರುಂಟು. ಅಲ್ಲ, ಅದು ಯಾರು ಬೇಕಾದರೂ ಕಲಿಯಬಹುದಾದ ಲಿಪಿ.

ಬಹಿರಂಗತೆಯ ಈ ಶಿಸ್ತು ಇರುವುದರಿಂದಲೇ ಹವ್ಯಾಸಿಯ ಕಿವಿಗೆ ಅಪರಿಚಿತ ದನಿ ಕೂಡಲೇ ತಾಕುತ್ತದೆ. 2024ರ ಕೊನೆಯಲ್ಲಿ ಪಶ್ಚಿಮ ಬಂಗಾಳದ ಹವ್ಯಾಸಿಗಳು ಗಡಿಯ ಸಮೀಪ ಕರೆಸಂಕೇತವಿಲ್ಲದ, ಸಂಕೇತಭಾಷೆಯ ಮಾತುಗಳನ್ನು ಕೇಳಿಸಿಕೊಂಡು ಸರ್ಕಾರಕ್ಕೆ ತಿಳಿಸಿದರು. ಯಾವ ಇಲಾಖೆಯೂ ಅವರನ್ನು ಕಾವಲಿಗೆ ನೇಮಿಸಿರಲಿಲ್ಲ.

ಆದರೂ ಹವ್ಯಾಸಿಯ ಬಗ್ಗೆ ಆಳುವವರಿಗೆ ಒಂದು ಗುಮಾನಿ ಮೊದಲಿನಿಂದಲೂ ಇದೆ. ಎರಡನೆಯ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಪರವಾನಗಿಗಳನ್ನು ರದ್ದುಗೊಳಿಸಿ ಟ್ರಾನ್ಸ್‌ಮಿಟರುಗಳನ್ನು ಒಪ್ಪಿಸುವಂತೆ ಆಜ್ಞಾಪಿಸಿತು. ಆ ಗುಮಾನಿ ಪೂರ್ತಿ ಆಧಾರರಹಿತವೂ ಆಗಿರಲಿಲ್ಲವೆನ್ನಿ. 1942ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಮುಂಬೈಯಲ್ಲಿ ಮನೆಯಿಂದ ಮನೆಗೆ ಬದಲಾಗುತ್ತ ನಡೆದ ಕಾಂಗ್ರೆಸ್ ರೇಡಿಯೊದಲ್ಲಿ ಉಷಾ ಮೆಹ್ತಾ ಅವರ ಸ್ವರ ಹೊಮ್ಮಿಸಿದ ಟ್ರಾನ್ಸ್‌ಮಿಟರನ್ನು ಕಟ್ಟಿದ ನರಿಮನ್ ಪ್ರಿಂಟರ್ ಹವ್ಯಾಸಿ ರೇಡಿಯೊದವರೇ. ವಸಾಹತು ಸರ್ಕಾರಕ್ಕೆ ಹೆದರಿಕೆ ಸಹಜ. ಆದರೆ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ನಿಸ್ತಂತು ಕಾಯ್ದೆಯ ನೆರಳಿನಲ್ಲೇ ಬೆಳೆದ ಸ್ವತಂತ್ರ ಭಾರತದ ಕಚೇರಿಗಳಿಗೂ ಅದೇ ಹೆದರಿಕೆ ಅಂಟಿಕೊಂಡದ್ದು ವಿಚಿತ್ರ. ಪರೀಕ್ಷೆ ಯಾವಾಗ ನಡೆದೀತೆಂದು ತಿಂಗಳುಗಟ್ಟಲೆ ಕಾಯುವುದು, ಪಾಸಾದ ಮೇಲೆ ಹಿನ್ನೆಲೆಯ ಪರಿಶೀಲನೆ ಮುಗಿಯಲೆಂದು ಮತ್ತೆ ಕಾಯುವುದು ಹವ್ಯಾಸಿಗಳಿಗೆ ಹೊಸದಲ್ಲ. ಶಾಲೆಯಲ್ಲಿದ್ದಾಗ ಅರ್ಜಿ ಹಾಕಿದ ಹುಡುಗಿಗೆ ಕಾಲೇಜು ಸೇರಿದ ಮೇಲೆ ಕರೆಸಂಕೇತ ಬಂದರೆ ಅಷ್ಟರಲ್ಲಿ ಆಸಕ್ತಿಯೇ ಬೇರೆಡೆ ಹೊರಳಿರುತ್ತದೆ.

ಅತ್ತ, ಕಾಯಲೊಲ್ಲದವರಿಗೆ ಕಾಯುವ ಅಗತ್ಯವೇ ಇರಲಿಲ್ಲ. ಕೆಲವು ಸಾವಿರ ರೂಪಾಯಿಗೆ ಕೈಯಲ್ಲಿ ಹಿಡಿವ ವಾಕಿಟಾಕಿಗಳು ಇ-ವಾಣಿಜ್ಯ ತಾಣಗಳಲ್ಲಿ ಆಟಿಕೆಗಳಂತೆ ಮಾರಾಟವಾದವು. ನಮ್ಮಲ್ಲಿ 446 ಮೆಗಾಹರ್ಟ್ಸ್ ಪಟ್ಟಿಯ ಅಲ್ಪ ಸಾಮರ್ಥ್ಯದ ಸೆಟ್‌ಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ, ನಿಜ. ಆದರೆ ಮಾರಾಟವಾದ ಅನೇಕ ಸೆಟ್‌ಗಳು ಆ ಮಿತಿಯವಲ್ಲ. ಕೊಳ್ಳುವವನಿಗೆ ಪರವಾನಗಿ ಬೇಕೆಂಬ ಮಾತೇ ಜಾಹೀರಾತಿನಲ್ಲಿ ಇರುತ್ತಿರಲಿಲ್ಲ. ಇಂಥ ಸೆಟ್‌ನಲ್ಲಿ ಒಂದೆರಡು ಗುಂಡಿ ಒತ್ತಿದರೆ ಹವ್ಯಾಸಿ ಪಟ್ಟಿಯಿಂದ ಜಿಗಿದು ಪೊಲೀಸರ ಅಥವಾ ಹಡಗುಗಳ ಆವರ್ತನದ ಮೇಲೆ ಮಾತನಾಡಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ತಾಣಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿ ಹೊರಡಿಸಿದ್ದು 2025ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಸೆಟ್‌ಗಳು ಮದುವೆ ಮಂಟಪ, ಕಟ್ಟಡ ಕಾಮಗಾರಿ, ಚಾರಣಗಳಲ್ಲಿ ಬಳಕೆಗೆ ಬಂದವೋ ಲೆಕ್ಕವಿಟ್ಟವರಾರು?

ಹೀಗೆ ಕಾನೂನನ್ನು ಗೌರವಿಸಿ ಸರದಿಯಲ್ಲಿ ನಿಂತವನು ಮೌನಿಯಾಗಿರಬೇಕು, ಗೌರವಿಸದವನು ಗದ್ದಲ ಮಾಡಬಹುದು ಎಂಬಂತಾಗಿದೆ. ಇದರ ಬೆಲೆ ತಿಳಿಯುವುದು ವಿಪತ್ತಿನ ದಿನ. ಎರಡು ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಯಾರೋ ಗಾಯಾಳುಗಳ ವಿವರ ಹೇಳುತ್ತಿರುವಾಗ, ಶಿಸ್ತು ಕಲಿಯದ ಇನ್ನೊಬ್ಬ ಗುಂಡಿ ಒತ್ತಿದರೆ ಎರಡೂ ಮಾತು ಕೆಡುತ್ತವೆ. ಮೊದಲು ಕೇಳು, ಪಟ್ಟಿ ಖಾಲಿ ಇದೆಯೇ ಎಂದು ವಿಚಾರಿಸು, ಆಮೇಲೆ ಮಾತನಾಡು ಎಂಬುದು ಹವ್ಯಾಸಿ ಕಲಿಯುವ ಮೊದಲ ಪಾಠ. ವಾಕಿಟಾಕಿಯ ಡಬ್ಬದೊಳಗೆ ಅದು ಬರುವುದಿಲ್ಲ.

ಹವ್ಯಾಸಿಗಳೂ ತಮ್ಮ ಕಡೆ ನೋಡಿಕೊಳ್ಳಬೇಕಾದದ್ದಿದೆ. ಪರವಾನಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದವರು, ಕರೆಸಂಕೇತವನ್ನು ಕಾರಿನ ಗಾಜಿಗೆ ಅಂಟಿಸಿ ವರ್ಷಕ್ಕೊಮ್ಮೆಯೂ ಆಂಟೆನಾ ಏರಿಸದವರು ಕಡಿಮೆಯೇನಲ್ಲ. ಬಳಸದ ಪಟ್ಟಿಯನ್ನು ಕೇಳಲು ವಾಣಿಜ್ಯ ಕಂಪೆನಿಗಳು ಎಲ್ಲೆಡೆ ಸಾಲುಗಟ್ಟಿವೆ ಎಂಬುದನ್ನು ಅವರು ಮರೆಯಬಾರದು. ಮನಸ್ಸು ಮಾಡಿದರೆ ಇವರಿಂದ ಏನಾದೀತೆಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಇಸ್ರೊ ಇಲ್ಲಿ ನಿರ್ಮಿಸಿದ 42.5 ಕಿಲೊ ತೂಕದ 'ಹ್ಯಾಮ್‌ಸ್ಯಾಟ್' 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ಭಾರತದ ಹವ್ಯಾಸಿಗಳು ರೂಪಿಸಿದ್ದು, ಇನ್ನೊಂದು ನೆದರ್ಲೆಂಡ್ಸ್‌ನ ವಿದ್ಯಾರ್ಥಿಯೊಬ್ಬ ರೂಪಿಸಿದ್ದು. 2014ರವರೆಗೆ ಅದು ದೇಶವಿದೇಶಗಳ ಮಾತನ್ನು ಹೊತ್ತು ತಿರುಗಿತು.

1885 ಮತ್ತು 1933ರ ಹಳೆಯ ಕಾಯ್ದೆಗಳ ಜಾಗಕ್ಕೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಹವ್ಯಾಸಿಗಳಿಗೆ ಅದರಡಿ ನಿಯಮ ರೂಪಿಸುವವರು ಕರೆಸಂಕೇತ, ಲಾಗ್ ಪುಸ್ತಕ, ಬಹಿರಂಗ ಭಾಷೆಯ ಕಟ್ಟುಪಾಡುಗಳಲ್ಲಿ ಎಳ್ಳಷ್ಟೂ ಸಡಿಲ ಮಾಡಬೇಕಿಲ್ಲ. ಬೇಕಾದದ್ದು ವರ್ಷಾರಂಭದಲ್ಲೇ ಪ್ರಕಟವಾಗುವ ಪರೀಕ್ಷೆಯ ದಿನಾಂಕ, ಪರಿಶೀಲನೆಗೆ ಇಂತಿಷ್ಟೇ ದಿನ ಎಂಬ ಗಡುವು, ಗಡುವು ಮೀರಿದರೆ ಕಾರಣವನ್ನು ಬರೆದು ತಿಳಿಸುವ ಹೊಣೆ. ಮುಂದಿನ ಮಳೆಗಾಲ ಕರಾವಳಿಗೋ ಕೊಡಗಿಗೋ ಅಪ್ಪಳಿಸುವ ಮುನ್ನ ಜಿಲ್ಲಾಡಳಿತಗಳು ತಮ್ಮಲ್ಲಿ ಎಷ್ಟು ಮಂದಿ ಪರವಾನಗಿ ಪಡೆದ ಹವ್ಯಾಸಿಗಳಿದ್ದಾರೆ, ಅವರಲ್ಲಿ ಬ್ಯಾಟರಿಯ ಮೇಲೆ ನಡೆಯುವ ಕೇಂದ್ರ ಎಷ್ಟು ಜನರ ಬಳಿ ಇದೆ ಎಂದು ಒಮ್ಮೆ ಕರೆದು ವಿಚಾರಿಸಲಿ.