ಗೂಢಲಿಪಿ, ಕಾನೂನು ಮತ್ತು ಖಾಸಗಿತನ
1885ರ ತಂತಿ ಅಧಿನಿಯಮವು ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. 2023ರ ದೂರಸಂಪರ್ಕ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೂರವಾಣಿ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶವನ್ನು ಕಡ್ಡಾಯಗೊಳಿಸಿತೇ ಹೊರತು ನ್ಯಾಯಾಧೀಶರ ಪೂರ್ವಾನುಮತಿಯನ್ನು ವಿಧಿಸಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ನೆಯ ಪ್ರಕರಣವು ಗೂಢಲಿಪಿಯನ್ನು ಬಿಡಿಸಲು ನೆರವಾಗುವ ಹೊಣೆಯನ್ನೂ ಸೇರಿಸಿ, ತಪ್ಪಿದವರಿಗೆ 7 ವರ್ಷಗಳವರೆಗಿನ ಸೆರೆವಾಸವನ್ನು ಗೊತ್ತುಪಡಿಸಿತು. ಆದರೆ ವಾಟ್ಸ್‌ಆಪ್‌ನಂತಹ ಸೇವೆಗಳಲ್ಲಿ ಸಂದೇಶವನ್ನು ಬಿಡಿಸುವ ಕೀಲಿಯು ಬಳಕೆದಾರರ ಸಾಧನಗಳಲ್ಲಿ ಮಾತ್ರ ಇರುತ್ತದೆ. ಸಂಸ್ಥೆಯ ಬಳಿ ಕೊಡಲು ಕೀಲಿಯೇ ಇಲ್ಲ. ಕೊಡಲೇಬೇಕೆಂದರೆ ಸರ್ವರ ಸಂದೇಶಗಳ ಭದ್ರತೆಯನ್ನೂ ಸಡಿಲಿಸಬೇಕಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ನಿರ್ಣಯವಾಯಿತು. ಅದರ ಮೇಲಿನ ನಿರ್ಬಂಧವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಒಬ್ಬ ಶಂಕಿತನ ಸಲುವಾಗಿ ಎಲ್ಲರ ಬೀಗವನ್ನೂ ದುರ್ಬಲಗೊಳಿಸುವ ಆದೇಶವು ಈ ಅಳತೆಗೆ ನಿಲ್ಲುವುದು ಕಷ್ಟ.