ಹಳೆಯ ಜೀಪಿನ ಸಡಿಲ ಸ್ಟಿಯರಿಂಗ್: ದೋಷವನ್ನು ಹುಡುಕುವ ಬಗೆ

ಕೊಡಚಾದ್ರಿಯ ಏರುದಾರಿಯಲ್ಲಾಗಲಿ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಕಲ್ಲುಹಾದಿಯಲ್ಲಾಗಲಿ ಪ್ರಯಾಣ ಮಾಡಿದವರಿಗೆ ಜೀಪಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲವನ್ನು ಒದಗಿಸಬಲ್ಲ ಈ ವಾಹನವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲೀಸ್ ಕಾರ್ಖಾನೆಯಲ್ಲಿ ಸೈನ್ಯಕ್ಕಾಗಿ ತಯಾರಾಗಿ, ತರುವಾಯ ಮಹೀಂದ್ರಾ ಸಂಸ್ಥೆಯ ಮೂಲಕ ನಮ್ಮ ದೇಶದಲ್ಲಿ ನೆಲೆಯೂರಿತು. ವಿಲ್ಲೀಸ್ ವಿನ್ಯಾಸದ ಹಳೆಯ ಜೀಪುಗಳು ಮಲೆನಾಡಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿವೆ. ಅವುಗಳ ಒಡೆಯರಿಂದ ಪದೇ ಪದೇ ಕೇಳಿಬರುವ ದೂರು ಒಂದೇ: ಸ್ಟಿಯರಿಂಗ್ ಸಡಿಲವಾಗಿದೆ. ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ, 'ಪ್ಲೇ ಬಂದಿದೆ'.

ಈ ದೂರನ್ನು ನಾನೂ ಹೊತ್ತು ತಿರುಗಿದವನು. ನಮ್ಮ ತೋಟದ ಜೀಪನ್ನು ಒಂದೇ ವರ್ಷದಲ್ಲಿ ಮೂರು ಸಲ ರಿಪೇರಿಗೆ ಒಯ್ದೆ. ಮೂರು ಸಲವೂ ಸ್ಟಿಯರಿಂಗ್ ಬಾಕ್ಸಿನ ತಿರುಪನ್ನು ಬಿಗಿಮಾಡಿ ಕಳುಹಿಸಿಕೊಟ್ಟರು. ಮೂರನೆಯ ಸಲ ಬಿಗಿಮಾಡಿದ ಮರುದಿನ, ಹಿಂಬದಿಯಲ್ಲಿ ಆರು ಮಂದಿ ಆಳುಗಳನ್ನು ಕೂರಿಸಿಕೊಂಡು ಘಟ್ಟ ಇಳಿಯುತ್ತಿದ್ದಾಗ, ತಿರುವು ಮುಗಿದರೂ ಸ್ಟಿಯರಿಂಗ್ ಚಕ್ರವು ತಾನಾಗಿ ಹಿಂದಕ್ಕೆ ಬರಲಿಲ್ಲ. ಬಲವಂತವಾಗಿ ಎಳೆದು ತಿರುಗಿಸುವಷ್ಟರಲ್ಲಿ ಮುಂದಿನ ಗಾಲಿ ರಸ್ತೆಯ ಅಂಚಿನ ಹುಲ್ಲನ್ನು ಮೆಟ್ಟಿತ್ತು. ಅದರ ಕೆಳಗೆ ಕಣಿವೆ. ಆ ಬಳಿಕ ನಾನೇ ಜೀಪಿನಡಿಯಲ್ಲಿ ಮಲಗಿ ಹುಡುಕಲಾಗಿ, ದೋಷವಿದ್ದುದು ಬಾಕ್ಸಿನಲ್ಲಿ ಅಲ್ಲವೇ ಅಲ್ಲ, ಬೆಲ್ ಕ್ರ್ಯಾಂಕ್ ಎಂಬ ತುಂಡು ತಿರುಗುವ ಪಿನ್ನಿನಲ್ಲಿ ಎಂಬುದು ತಿಳಿಯಿತು. ಬಾಕ್ಸನ್ನು ಎಲ್ಲಕ್ಕಿಂತ ಮೊದಲು ಅನುಮಾನಿಸುವ ಅಭ್ಯಾಸವು ಎಂಥ ಅಪಾಯಕ್ಕೆ ದಾರಿಯೆಂಬುದನ್ನು ಅಂದು ಅರಿತೆ.

ಚಾಲಕನ ಕೈಗೂ ಗಾಲಿಗೂ ನಡುವೆ ಇರುವ ಸರಪಣಿಯನ್ನು ಮೊದಲು ತಿಳಿಯತಕ್ಕದ್ದು. ಸ್ಟಿಯರಿಂಗ್ ಚಕ್ರದ ಕಂಬವು ಬಾಕ್ಸಿನೊಳಗೆ ಕ್ಯಾಮ್ ಎಂಬ ಉಕ್ಕಿನ ತುಂಡನ್ನು ತಿರುಗಿಸುತ್ತದೆ. ಕ್ಯಾಮಿನ ಮೈಮೇಲೆ ಸುರುಳಿಯಾಗಿ ಕೊರೆದ ತೋಡಿನಲ್ಲಿ, ತುದಿ ಕಿರಿದಾದ ಉಕ್ಕಿನ ಗೂಟಗಳು ಚಲಿಸಿ ಅಡ್ಡದಂಡವನ್ನು ಹೊರಳಿಸುತ್ತವೆ. ಆ ದಂಡದ ಹೊರತುದಿಗೆ ಡ್ರಾಪ್ ಆರ್ಮ್, ಅದಕ್ಕೆ ಡ್ರ್ಯಾಗ್ ಲಿಂಕ್, ಅದರಾಚೆ ಬೆಲ್ ಕ್ರ್ಯಾಂಕ್. ಬೆಲ್ ಕ್ರ್ಯಾಂಕಿನಿಂದ ಎಡಕ್ಕೊಂದು ಬಲಕ್ಕೊಂದು ಟೈ ರಾಡ್ ಹೊರಟು ಗಾಲಿಗಳನ್ನು ತಿರುಗಿಸುತ್ತವೆ. ಡ್ರ್ಯಾಗ್ ಲಿಂಕಿನ ಎರಡು ತುದಿಗಳು, ಟೈ ರಾಡುಗಳ ನಾಲ್ಕು ತುದಿಗಳು, ಬೆಲ್ ಕ್ರ್ಯಾಂಕಿನ ಪಿನ್ನು ಎಂದು ಏಳು ಕೀಲುಗಳಾದುವು. ಇವಲ್ಲದೆ ಎರಡೂ ಬದಿಯ ಕಿಂಗ್ ಪಿನ್ನುಗಳ ಮೇಲಿನ ಮತ್ತು ಕೆಳಗಿನ ಬೇರಿಂಗುಗಳು, ಗಾಲಿಯ ಬೇರಿಂಗುಗಳು. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸವೆತವಾದರೂ ಅವೆಲ್ಲ ಒಟ್ಟುಗೂಡಿ ಚಾಲಕನ ಕೈಯಲ್ಲಿ ಎರಡು ಮೂರು ಅಂಗುಲಗಳಾಗಿ ತೋರುತ್ತವೆ. ಬೆಲ್ ಕ್ರ್ಯಾಂಕಿನ ಸವೆತವು ಎರಡು ಗಾಲಿಗಳನ್ನೂ ಏಕಕಾಲಕ್ಕೆ ಬಾಧಿಸುವುದರಿಂದ ಅದರ ಕೇಡು ಹೆಚ್ಚು. ನಂತರದ ಮಾದರಿಗಳಲ್ಲಿ ಈ ಏರ್ಪಾಡು ಬದಲಾಗಿದ್ದು ಕೀಲುಗಳ ಲೆಕ್ಕ ಬೇರೆ; ಹುಡುಕುವ ಕ್ರಮ ಮಾತ್ರ ಅದೇ.

ಸಡಿಲವೆಂದು ಜನರು ಹೇಳುವುದು ಯಾವಾಗಲೂ ಒಂದೇ ದೋಷವಲ್ಲ. ಚಕ್ರವನ್ನು ಅಷ್ಟಿಷ್ಟು ತಿರುಗಿಸಿದರೂ ಗಾಲಿ ಅಲುಗದಿರುವುದು ಒಂದು. ಕೈಯಲ್ಲಿ ಸಡಿಲವಿಲ್ಲದೆಯೂ ವಾಹನವು ರಸ್ತೆಯಲ್ಲಿ ಅತ್ತಿತ್ತ ಅಲೆಯುವುದು ಇನ್ನೊಂದು. ಈ ಎರಡನೆಯದಕ್ಕೆ ಟೈರುಗಳ ಗಾಳಿ, ಕಮಾನುಪಟ್ಟಿಗಳ ಸವೆದ ಬುಷ್, ಸಡಿಲವಾದ ಯು ಬೋಲ್ಟುಗಳೇ ಬಹುಮಟ್ಟಿಗೆ ಕಾರಣ. ಅವನ್ನು ನೋಡಲು ಹತ್ತು ನಿಮಿಷ ಸಾಕು, ಖರ್ಚೂ ಇಲ್ಲ. ಆದುದರಿಂದ ಅಲ್ಲಿಂದಲೇ ಆರಂಭಿಸುವುದು ಲೇಸು.

ಬಳಿಕ ಜೀಪನ್ನು ಸಮತಟ್ಟಾದ ನೆಲದ ಮೇಲೆ, ಮುಂದಿನ ಗಾಲಿಗಳನ್ನು ನೇರವಾಗಿಟ್ಟು, ಎಂಜಿನ್ ಆರಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು ನಿಲ್ಲಿಸಬೇಕು. ಜಾಕ್ ಹಾಕಿ ಎತ್ತಬಾರದು. ಭಾರವು ಗಾಲಿಯ ಮೇಲಿದ್ದರೆ ಮಾತ್ರ ಕೀಲಿನ ಸಡಿಲ ಕಣ್ಣಿಗೆ ಬೀಳುವುದು. ಸ್ಟಿಯರಿಂಗ್ ಚಕ್ರದ ಅಂಚಿನಲ್ಲಿ ಸೀಮೆಸುಣ್ಣದ ಗುರುತು ಮಾಡಿ, ಗಾಲಿ ಅಲುಗಲು ತೊಡಗುವವರೆಗೆ ಎಡಕ್ಕೂ ಬಲಕ್ಕೂ ತಿರುಗಿಸಿ ಅಂತರವನ್ನು ಅಳೆಯಿರಿ. ಹಳೆಯ ಜೀಪಿನಲ್ಲಿ ಅಂಗುಲದೊಳಗಿನ ಪ್ಲೇಗೆ ಗಾಬರಿಯಾಗಬೇಕಾದುದಿಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನು ಮುಂದಿನ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಚಕ್ರವನ್ನು ಆ ಅಂತರದೊಳಗೇ ಮೆಲ್ಲನೆ ಅಲುಗಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಡ್ರಾಪ್ ಆರ್ಮಿನಿಂದ ಮೊದಲ್ಗೊಂಡು ಒಂದೊಂದೇ ಕೀಲನ್ನು ಬೆರಳುಗಳಿಂದ ಸುತ್ತಿ ಹಿಡಿಯಲಿ, ಎರಡು ತುಂಡುಗಳೂ ಬೆರಳಿಗೆ ತಗಲುವಂತೆ. ಒಂದು ಚಲಿಸಿ ಇನ್ನೊಂದು ತಡವಾಗಿ ಚಲಿಸಿದರೆ ಅಲ್ಲಿ ಸವೆತವಿದೆ. ಕಣ್ಣಿಗಿಂತ ಬೆರಳು ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಗ್ರೀಸು ಕೆಸರು ಮೆತ್ತಿದ ಕೀಲು ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಕಂಬ ತಿರುಗಿಯೂ ಡ್ರಾಪ್ ಆರ್ಮ್ ತಡವಾಗಿ ಹೊರಟರೆ ಮಾತ್ರ ಬಾಕ್ಸಿನ ಮೇಲೆ ಅನುಮಾನ ತಾಳಬೇಕು. ಆಗಲೂ ಬಾಕ್ಸು ಚಾಸಿಸ್ಸಿಗೆ ಕೂಡಿರುವ ಬೋಲ್ಟುಗಳು ಸಡಿಲವೇ, ಅಲ್ಲಿ ಚಾಸಿಸ್ಸು ಬಿರುಕು ಬಿಟ್ಟಿದೆಯೇ ಎಂದು ಮೊದಲು ನೋಡಿರಿ. ಬಾಕ್ಸೇ ಅಲುಗಾಡುತ್ತಿದ್ದರೆ ಅದರ ಒಳಗನ್ನು ಬಿಗಿಮಾಡಿ ಫಲವೇನು?

ಇದಾದ ಮೇಲೆ ಜಾಕಿನಿಂದ ಒಂದೊಂದೇ ಮುಂದಿನ ಗಾಲಿಯನ್ನು ಎತ್ತಿ, ಆಕ್ಸಲ್ಲಿಗೆ ಭದ್ರವಾದ ಆಸರೆ ಕೊಟ್ಟು, ಟೈರನ್ನು ಮೇಲೊಂದು ಕೆಳಗೊಂದು ಕೈಯಿಂದ ಹಿಡಿದು ಅಲುಗಿಸಬೇಕು. ಗಾಲಿ ಹೊಯ್ದಾಡಿದರೆ ಜೊತೆಯವರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಿಸಿರಿ. ಹೊಯ್ದಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ಬ್ರೇಕ್ ಹಿಡಿದಾಗ ಡ್ರಮ್ಮು ಒಳಬದಿಯ ಭಾಗಕ್ಕೆ ಅಂಟಿಕೊಂಡು ಗಾಲಿಯ ಬೇರಿಂಗಿನ ಸಡಿಲ ಅಡಗಿಹೋಗುವುದೇ ಇದರ ರಹಸ್ಯ. ಗದ್ದೆಯ ಕೆಸರಿನಲ್ಲಿ ಓಡುವ ಜೀಪುಗಳಲ್ಲಿ ಸೀಲುಗಳು ಹರಿದು ನೀರು ಒಳಸೇರುವುದರಿಂದ ಕಿಂಗ್ ಪಿನ್ನಿನ ಬೇರಿಂಗುಗಳು ಬೇಗ ಹಾಳಾಗುತ್ತವೆ. ಅಲ್ಲಿ ಶಿಮ್ಮುಗಳನ್ನು ತೆಗೆದು ಬಿಗಿಮಾಡಲು ಅವಕಾಶವುಂಟು. ಆದರೆ ಗುಳಿಬಿದ್ದ ಬೇರಿಂಗನ್ನು ಶಿಮ್ಮು ತೆಗೆದು ಉಳಿಸಲಾಗದು.

ಬಾಕ್ಸಿನ ವಿಚಾರವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಕ್ಯಾಮಿನ ತೋಡನ್ನು ತಯಾರಿಕೆಯಲ್ಲೇ ನಡುಭಾಗದಲ್ಲಿ ಕೊಂಚ ಕಿರಿದಾಗಿ ಮಾಡಿರುತ್ತಾರೆ. ವಾಹನ ನೇರವಾಗಿ ಹೋಗುವಾಗ ಗೂಟಗಳು ಅಲ್ಲಿ ಬಿಗಿಯಾಗಿ ಕೂರಬೇಕೆಂಬುದೇ ಅದರ ಉದ್ದೇಶ. ಹೆಚ್ಚು ಹೊತ್ತು ವಾಹನ ಓಡುವುದು ನೇರವಾಗಿಯೇ ಆದ್ದರಿಂದ ಮೊದಲು ಸವೆಯುವುದೂ ಆ ನಡುಭಾಗವೇ. ಆದಕಾರಣ ಡ್ರ್ಯಾಗ್ ಲಿಂಕನ್ನು ಕಳಚಿ, ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಣಿಸಿ ತಿರುಗಿಸಿ, ಸರಿಯಾಗಿ ನಡುವಿನಲ್ಲಿ ನಿಲ್ಲಿಸಿಯೇ ತಿರುಪನ್ನು ಬಿಗಿಮಾಡತಕ್ಕದ್ದು. ತುದಿಯಲ್ಲಿಟ್ಟು ಬಿಗಿಮಾಡಿದರೆ ನಡುವಿಗೆ ಬಂದಾಗ ಹಿಡಿಯುತ್ತದೆ. ನಡುಭಾಗ ತೀರ ಸವೆದ ಮೇಲೆ ಅಲ್ಲಿ ಸಡಿಲವಿಲ್ಲದಂತೆ ಬಿಗಿಮಾಡಿದರೋ, ತಿರುವುಗಳಲ್ಲಿ ಹಿಡಿದುಕೊಂಡು ಹಿಂದಕ್ಕೆ ಬರುವುದಿಲ್ಲ. ನನಗೆ ಘಟ್ಟದಲ್ಲಿ ಆದುದು ಇದೇ. ಸವೆದ ಕ್ಯಾಮಿಗೆ ಬದಲಾವಣೆಯಲ್ಲದೆ ಅನ್ಯ ಮದ್ದಿಲ್ಲ. ಎಣ್ಣೆ ಸೋರುತ್ತದೆಂದು ಬಾಕ್ಸಿಗೆ ಗ್ರೀಸು ತುಂಬುವ ಪದ್ಧತಿಯೊಂದುಂಟು. ಗೂಟಗಳು ಬದಿಗೆ ತಳ್ಳಿದ ಗ್ರೀಸು ಎಣ್ಣೆಯಂತೆ ಮರಳಿ ಹರಿದು ಬರುವುದಿಲ್ಲ. ಸೀಲನ್ನು ಬದಲಾಯಿಸಿ ಗೇರ್ ಎಣ್ಣೆಯನ್ನೇ ಹಾಕುವುದು ಸರಿ.

ವೇಗ ಏರಿದಾಗ ಹಳ್ಳವೊಂದನ್ನು ದಾಟಿದೊಡನೆ ಮುಂದಿನ ಗಾಲಿಗಳು ಥರಥರನೆ ಅದುರುವುದೂ ಈ ಸಡಿಲಗಳ ಸಂತಾನವೇ. ಅದಕ್ಕೆ ಸ್ಟಿಯರಿಂಗ್ ಡ್ಯಾಂಪರ್ ಜೋಡಿಸಿ ಸುಮ್ಮನಾಗುವವರಿದ್ದಾರೆ. ಅದುರುವಿಕೆ ಅಡಗುತ್ತದೆ, ಸವೆತ ಮುಂದುವರಿಯುತ್ತದೆ. ನೋಟಕ್ಕಾಗಿ ದಪ್ಪ ಟೈರು, ಎತ್ತರದ ಕಮಾನುಪಟ್ಟಿಗಳನ್ನು ಹಾಕಿಸುವ ಇಂದಿನ ಶೋಕಿಯೂ ಕೀಲುಗಳ ಮೇಲಿನ ಹೊರೆಯನ್ನು ಹೆಚ್ಚಿಸಿ, ಡ್ರ್ಯಾಗ್ ಲಿಂಕಿನ ಕೋನವನ್ನು ಕೆಡಿಸುತ್ತದೆ.

ಡ್ರ್ಯಾಗ್ ಲಿಂಕಿನ ತುದಿಯ ಬಿರಡೆಯನ್ನು ಪೂರ್ತಿ ಬಿಗಿಮಾಡಿ ತುಸು ಹಿಂದಕ್ಕೆ ಬಿಟ್ಟು, ಸ್ಪ್ಲಿಟ್ ಪಿನ್ನನ್ನು ಹೊಸದಾಗಿಯೇ ಹಾಕಬೇಕು. ಹಳೆಯದನ್ನು ಮತ್ತೆ ಬಗ್ಗಿಸಿ ಹಾಕುವ ಉಳಿತಾಯ ಬೇಡ. ಡ್ರಾಪ್ ಆರ್ಮಿಗಾಗಲಿ ಟೈ ರಾಡಿನ ತುದಿಗಾಗಲಿ ವೆಲ್ಡಿಂಗ್ ಮಾಡಿಸಕೂಡದು. ಟೈ ರಾಡುಗಳನ್ನು ಬಿಚ್ಚಿ ಕೂಡಿಸಿದ್ದರೆ ಎರಡು ಗಾಲಿಗಳ ಮುಂಭಾಗದ ಅಂತರವು ಹಿಂಭಾಗದ ಅಂತರಕ್ಕಿಂತ ಸುಮಾರು 1ರಿಂದ 2.5 ಮಿಲಿಮೀಟರಿನಷ್ಟು ಕಡಿಮೆಯಿರುವಂತೆ ಸರಿಪಡಿಸಿಕೊಳ್ಳಬೇಕು. ಅನಂತರ ಖಾಲಿ ಜೀಪನ್ನು ಸಮತಟ್ಟಾದ ರಸ್ತೆಯಲ್ಲಿ ಓಡಿಸಿ, ಎರಡೂ ಕಡೆಯ ತಿರುವುಗಳಲ್ಲಿ ಚಕ್ರವು ತಾನಾಗಿ ಹಿಂದಿರುಗುವುದನ್ನು ನೋಡಿಕೊಂಡ ಮೇಲೆಯೇ ಜನರನ್ನು ಹತ್ತಿಸಿಕೊಳ್ಳತಕ್ಕದ್ದು.